ಹ್ಯೂಗೋ: ಲೋಕಲ್‌ನಾಗ ಛಲೋ ಕಾಣ್ತೈತಿ, ಏರಿಸಿದ್ರ ಬಣ್ಣ ಇಲ್ಲ, ಫೋಟೋ ಇಲ್ಲ

ಇಳಕಲ್_ದಡಿ:
ಸೀರಿ ಅಂಗಡಿಗೆ ಹ್ಯೂಗೋ ಅನ್ನೂ ವೆಬ್‌ಸೈಟ್ ಕಟ್ಟೂ ಸಾಧನದಾಗ ಸೈಟ್ ಕಟ್ಟಾಕತ್ತೇನ್ರಿ. ಲೋಕಲ್‌ಹೋಸ್ಟ್ 1313ರಾಗ (ನನ್ನ ಲ್ಯಾಪ್‌ಟಾಪಿನ ಒಳಗಿನ ವಿಳಾಸ) ಎಲ್ಲಾ ಸರಿ ಐತಿ. ಗಿಟ್‌ಹಬ್ ಪೇಜಸ್‌ನಾಗ (ಸೈಟ್ ಇಂಟರ್ನೆಟ್‌ಗೆ ಏರಿಸೂ ಸೇವೆ) ರೆಪೊ (ಫೈಲ್ ಇಡೂ ಜಾಗ) ಹೆಸರು ‘ಸೀರೆ’ ಅಂತ ಇಟ್ಟು ಏರಿಸಿದ್ರ ಬರೀ ಅಕ್ಷರ ಬರ್ತಾವು. ಇನ್ನೊಂದು, ಮುಂಜಾನೆ 9ಕ್ಕ ಬರೆದ ಪುಟ ಲೋಕಲ್‌ನಾಗೂ ಕಾಣಂಗಿಲ್ಲ. ಮಧ್ಯಾಹ್ನ ಸರ್ವರ್ ಮತ್ತ ಚಾಲೂ ಮಾಡಿದ್ರ ತಾನ ಬರ್ತೈತಿ. ಪುಟದಾಗ ಡ್ರಾಫ್ಟ್ (ಕರಡು) ‘ಫಾಲ್ಸ್’ ಅಂತನ ಐತಿ.

ಘಟಪ್ರಭಾ_ಕೋಡ್:
ಮೊದಲನೇದು ಬೇಸ್ ಯುಆರ್‌ಎಲ್ (ಸೈಟಿನ ಮೂಲ ವಿಳಾಸ) ತೊಂದ್ರಿ. ಹ್ಯೂಗೋ ಕಾನ್ಫಿಗ್ (ಸೆಟ್ಟಿಂಗ್) ಫೈಲ್‌ನಾಗ ಬರೀ ಡೊಮೇನ್ ಸಾಲಂಗಿಲ್ಲ. ಹಿಂದ ರೆಪೊ ಹೆಸರು, ಕಡೀಕ ಸ್ಲ್ಯಾಶ್ ಬೇಕು. ಇಲ್ಲಾಂದ್ರ ಬ್ರೌಸರ್ ಸಿಎಸ್‌ಎಸ್ (ಬಣ್ಣ, ವಿನ್ಯಾಸದ) ಫೈಲನ್ನ ಡೊಮೇನ್ ಬುಡದಾಗ ಹುಡುಕ್ತೈತಿ, 404 (ಸಿಗಲಿಲ್ಲ) ಅಂತ ಬರ್ತೈತಿ. ಇದನ್ನ ತಿದ್ದಿದ ಮ್ಯಾಲೆ ಲೋಕಲ್‌ನಾಗೂ 1313ರ ಹಿಂದ ‘ಸೀರೆ’ ಸೇರಿಸಿ ತೆಗೀಬೇಕು. ಅದು ಛಲೋನ, ತಪ್ಪು ಇಲ್ಲೇ ಸಿಗ್ತಾವು.

ಟೆಂಪ್ಲೇಟ್‌ನಾಗ (ಪುಟದ ಅಚ್ಚು) ವಿಳಾಸ ಕಟ್ಟೂ ‘ರೆಲ್‌ಯುಆರ್‌ಎಲ್’ ಬಳಸಿದ್ರೂ ಹಾದಿ ಸ್ಲ್ಯಾಶ್‌ನಿಂದ ಶುರು ಆದ್ರ ರೆಪೊ ಹೆಸರು ಸೇರಂಗಿಲ್ಲ. ಮುಂದಿನ ಆ ಸ್ಲ್ಯಾಶ್ ತೆಗೀರಿ. ಫೋಟೋ ಹೋಗಿದ್ದು ಹೆಚ್ಚಾಗಿ ಇದಕ್ಕ.

ಗುಮ್ಮಟದ_ಪ್ರತಿಧ್ವನಿ:
ಎರಡನೇದು ಟೈಮ್‌ಝೋನ್ ಅದ. ತಾರೀಖು ಕೈಲೆ ಬರದು ಹಿಂದ +05:30 ಹಾಕಲಿಲ್ಲಂದ್ರ ಹ್ಯೂಗೋ ಅದನ್ನ ಯುಟಿಸಿ (ಜಾಗತಿಕ ಪ್ರಮಾಣ ಸಮಯ) ಅಂತ ತಿಳೀತದ. ನಿಮ್ಮ 9 ಅಂದ್ರ ಅದಕ್ಕ ನಮ್ಮ ಮಧ್ಯಾಹ್ನ 2:30. ಅಲ್ಲೀತನಕ ಅದು ‘ಮುಂದಿನ’ ಪುಟ, ಬಿಲ್ಡ್ ಆಗೂದಿಲ್ಲ. ಡ್ರಾಫ್ಟ್ ತೋರಿಸಾಕ ಸರ್ವರ್ ಆಜ್ಞೆಗೆ ಹಚ್ಚೂ ಹೈಫನ್ ದೊಡ್ಡ ಡಿ ಇದಕ್ಕ ನಡೆಯೂದಿಲ್ಲ, ಹೈಫನ್ ದೊಡ್ಡ ಎಫ್ ಬೇಕು.

ಕಾಯಂ ಪರಿಹಾರ: ಕಾನ್ಫಿಗ್‌ನಾಗ ಟೈಮ್‌ಝೋನ್ ‘ಏಷ್ಯಾ/ಕೋಲ್ಕತಾ’ ಅಂತ ಹಾಕ್ರಿ. ಆದ್ರ ಆ ಸಾಲು ‘ಪ್ಯಾರಮ್ಸ್’ (ನಮ್ಮ ಸ್ವಂತ ಸೆಟ್ಟಿಂಗ್ ಬರಿಯೂ ಭಾಗ) ತಲೆಬರಹದ ಮ್ಯಾಲೆ ಇರಬೇಕು. ಕೆಳಗ ಬರದ್ರ ಪ್ಯಾರಮ್ಸ್ ಒಳಗ ಸೇರಿ ಸುಮ್ಮನ ಕೂಡ್ತದ, ಎರರ್ ಸುದ್ದಾ ಬರೂದಿಲ್ಲ. ಬೇಸ್ ಯುಆರ್‌ಎಲ್‌ಗೂ ಇದ ನಿಯಮ.

ಇಳಕಲ್_ದಡಿ:
ಎರಡೂ ಸರಿ ಆದ್ವು ರೀ. ಲೋಕಲ್ ಸೈಟನ್ನ ಅದ ವೈಫೈನಾಗ ಫೋನ್‌ನಾಗ ನೋಡೂದು ಹೆಂಗ? ಸೆರಗಿನ ಫೋಟೋ ಒಂದೊಂದು 5 ಎಂಬಿ ಅದಾವು, ಅವೂ ತಡ ಆಗ್ತಾವು.

ಘಟಪ್ರಭಾ_ಕೋಡ್:
ಸರ್ವರ್ ಚಾಲೂ ಮಾಡುವಾಗ ಬೈಂಡ್ 0.0.0.0 (ಬ್ಯಾರೆ ಸಾಧನಕ್ಕೂ ಸರ್ವರ್ ತೆರೆಯೂದು) ಕೊಡ್ರಿ, ಜೊತಿಗೆ ಬೇಸ್ ಯುಆರ್‌ಎಲ್ ಅಂತ ಲ್ಯಾಪ್‌ಟಾಪಿನ ಐಪಿ (ನೆಟ್‌ವರ್ಕ್ ವಿಳಾಸ), ಹಿಂದ ‘ಸೀರೆ’. ಬರೀ ಬೈಂಡ್ ಕೊಟ್ರ ಪುಟ ತೆರೀತೈತಿ, ಆದ್ರ ಪೂರ್ತಿ ವಿಳಾಸದ ಲಿಂಕ್ ಲೋಕಲ್‌ಹೋಸ್ಟ್‌ಗೆ ಹೋಗ್ತಾವು. ಫೋನಿಗೆ ಲೋಕಲ್‌ಹೋಸ್ಟ್ ಅಂದ್ರ ಫೋನ ಆತಲ್ಲ. ವಿಂಡೋಸ್ ಫೈರ್‌ವಾಲ್ ಕೇಳಿದ್ರ ಪ್ರೈವೇಟ್ ನೆಟ್‌ವರ್ಕ್‌ಗಷ್ಟ ಬಿಡ್ರಿ.

ಫೋಟೋ ‘ಸ್ಟ್ಯಾಟಿಕ್’ ಫೋಲ್ಡರ್‌ನಾಗ ಇಟ್ರ ಹ್ಯೂಗೋ ಇದ್ದಂಗ ನಕಲು ಮಾಡ್ತೈತಿ, ಸಣ್ಣ ಮಾಡಂಗಿಲ್ಲ. ಅದಕ್ಕ ಪ್ರತಿ ಸೀರಿಗೊಂದು ಫೋಲ್ಡರ್ ಮಾಡಿ, ಅದರಾಗ ಇಂಡೆಕ್ಸ್ ಫೈಲ್ ಬಾಜೂಕ ಫೋಟೋ ಇಡ್ರಿ. ಆಮ್ಯಾಲೆ ಟೆಂಪ್ಲೇಟ್‌ನಾಗ ಫೋಟೋ ಸಣ್ಣ ಮಾಡೂ ‘ರೀಸೈಜ್’ಗೆ ಅಗಲ 800 ಪಿಕ್ಸೆಲ್ ಕೊಟ್ರ ಸಾಕು. ಮೊದಲ ಬಿಲ್ಡ್ ತಡ ಆಗ್ತೈತಿ. ಸಣ್ಣ ಮಾಡಿದ್ದು ‘ರಿಸೋರ್ಸಸ್’ ಫೋಲ್ಡರ್‌ನಾಗ ಉಳಿಯೂದಕ್ಕ ಮುಂದ ತಡ ಇಲ್ಲ.