ಅಪ್ಪನ ಹಳೇ ಲ್ಯಾಪ್‌ಟಾಪ್‌ಗೆ ಯಾವ ಲಿನಕ್ಸ್ ಡೆಸ್ಕ್‌ಟಾಪ್? ಗ್ನೋಮ್, ಕೆಡಿಇ, ಸಿನಮನ್ ಅಂದ್ರೆ ಏನು?

ಕೆಳದಿ_ಹುಡುಗ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಅಪ್ಪ ಊರಲ್ಲಿದ್ದಾರೆ, ನಾನು ಬೆಂಗಳೂರಲ್ಲಿ. ಅವರ ಲ್ಯಾಪ್‌ಟಾಪ್ ಹಳೆಯದು. ಐ3 ಪ್ರೊಸೆಸರ್, 4 ಜಿಬಿ ರ‍್ಯಾಮ್, ಹಳೇ ಮಾದರಿಯ ಹಾರ್ಡ್‌ಡಿಸ್ಕ್. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಬೆಂಬಲ ಮುಗಿಯಿತು. ವಿಂಡೋಸ್ 11 ಈ ಯಂತ್ರಕ್ಕೆ ಹಾಕಲು ಬರುವುದಿಲ್ಲ. ಅದಕ್ಕೇ ಲಿನಕ್ಸ್ ಹಾಕೋಣ ಅಂತ ಹೊರಟೆ. ಉಬುಂಟು, ಮಿಂಟ್, ಗ್ನೋಮ್, ಕೆಡಿಇ, ಎಕ್ಸ್‌ಎಫ್‌ಸಿಇ ಅಂತ ಓದಿ ಓದಿ ತಲೆ ಕೆಟ್ಟುಹೋಗಿದೆ. ಇವು ಬೇರೆ ಬೇರೆ ಲಿನಕ್ಸ್‌ಗಳಾ?

ಅಪ್ಪನ ಕೆಲಸ ಇಷ್ಟೇ: ತಾಳಮದ್ದಲೆಯ ಟಿಪ್ಪಣಿಯನ್ನು ನುಡಿ ತಂತ್ರಾಂಶದಲ್ಲಿ ಟೈಪ್ ಮಾಡುತ್ತಾರೆ, ಪೇಪರ್ ಓದುತ್ತಾರೆ, ಯಕ್ಷಗಾನದ ವಿಡಿಯೊ ನೋಡುತ್ತಾರೆ. ಏನಾದರೂ ತೊಂದರೆ ಆದರೆ ನಾನು ಫೋನಲ್ಲೇ ಹೇಳಿಕೊಡಬೇಕು.

ಗಣಕ_ಸಾಗರ

ಲಿನಕ್ಸ್ ಒಂದೇ. ನೀವು ಓದಿದ ಹೆಸರುಗಳಲ್ಲಿ ಎರಡು ಜಾತಿ ಇವೆ. ಉಬುಂಟು, ಮಿಂಟ್, ಫೆಡೋರಾ ಇವು ವಿತರಣೆಗಳು. ಅಂದರೆ ಇನ್‌ಸ್ಟಾಲ್ ಮಾಡಲು ಸಿಗುವ ಪೂರ್ತಿ ಕಟ್ಟು. ಗ್ನೋಮ್, ಕೆಡಿಇ ಪ್ಲಾಸ್ಮಾ (ಕೆಡಿಇ ಅಂದರೂ ಪ್ಲಾಸ್ಮಾ ಅಂದರೂ ಇಲ್ಲಿ ಇದೇ), ಸಿನಮನ್, ಎಕ್ಸ್‌ಎಫ್‌ಸಿಇ, ಮಾಟೆ ಇವು ಡೆಸ್ಕ್‌ಟಾಪ್ ಪರಿಸರಗಳು. ಲಾಗಿನ್ ಆದ ಮೇಲೆ ಕಣ್ಣಿಗೆ ಕಾಣುವುದೆಲ್ಲ ಇವುಗಳದ್ದು: ಕೆಳಗಿನ ಪಟ್ಟಿ, ಮೆನು, ಕಿಟಕಿಗಳ ಅಂಚು, ಸೆಟ್ಟಿಂಗ್ಸ್, ಫೋಲ್ಡರ್ ತೆರೆಯುವ ಪ್ರೋಗ್ರಾಂ. ಆ ಫೋಲ್ಡರ್ ಪ್ರೋಗ್ರಾಂ ಸಿನಮನ್‌ನಲ್ಲಿ ನೀಮೊ, ಕೆಡಿಇಯಲ್ಲಿ ಡಾಲ್ಫಿನ್, ಎಕ್ಸ್‌ಎಫ್‌ಸಿಇಯಲ್ಲಿ ಥುನಾರ್. ಫೈರ್‌ಫಾಕ್ಸ್, ಲಿಬ್ರೆಆಫೀಸ್ ಮಾತ್ರ ಎಲ್ಲ ಕಡೆಯೂ ಅವೇ. ಅಪ್ಪನ ಫೈಲ್‌ಗಳಿಗೂ ಡೆಸ್ಕ್‌ಟಾಪ್‌ಗೂ ಸಂಬಂಧವಿಲ್ಲ. ನಾಳೆ ಡೆಸ್ಕ್‌ಟಾಪ್ ಬದಲಾಯಿಸಿದರೂ ಟಿಪ್ಪಣಿಗಳು ಇದ್ದಲ್ಲೇ ಇರುತ್ತವೆ.

ಇಷ್ಟೊಂದು ಡೆಸ್ಕ್‌ಟಾಪ್ ಯಾಕೆ ಅಂತ ನನ್ನ ಅಂಗಡಿಗೆ ಬಂದವರೆಲ್ಲ ಕೇಳುತ್ತಾರೆ. ಹೇಳಲೇಬೇಕಾದ ಕಥೆ ಇದು. 1996ರಲ್ಲಿ ಜರ್ಮನಿಯ ಮಥಿಯಾಸ್ ಎಟ್ರಿಚ್ ಕೆಡಿಇ ಶುರು ಮಾಡಿದರು. ಅದು ನಿಂತಿದ್ದ ಕ್ಯೂಟಿ ಎಂಬ ತಂತ್ರಾಂಶದ ಪರವಾನಗಿ ಆಗ ಪೂರ್ತಿ ಮುಕ್ತವಾಗಿರಲಿಲ್ಲ. ಅದಕ್ಕೆ ಒಪ್ಪದೆ ಮರುವರ್ಷವೇ ಮೆಕ್ಸಿಕೊದ ಮಿಗೆಲ್ ಡಿ ಇಕಾಜಾ ಮತ್ತು ಫೆಡೆರಿಕೊ ಮೆನಾ ಗ್ನೋಮ್ ಶುರು ಮಾಡಿದರು. 2011ರಲ್ಲಿ ಗ್ನೋಮ್ 3 ಬಂದಾಗ ಹಳೇ ಪಟ್ಟಿ, ಹಳೇ ಮೆನು ಎರಡೂ ಹೋದವು. ಬಹಳ ಜನಕ್ಕೆ ಹಿಡಿಸಲಿಲ್ಲ. ಕೆಲವರು ಗ್ನೋಮ್ 2 ಅನ್ನೇ ಉಳಿಸಿಕೊಂಡು ಮಾಟೆ ಅಂತ ಮುಂದುವರಿಸಿದರು. ಮಿಂಟ್‌ನವರು ಗ್ನೋಮ್ 3ರ ಭಾಗಗಳನ್ನೇ ತೆಗೆದುಕೊಂಡು ಹಳೇ ಅಭ್ಯಾಸದವರಿಗೆ ಸಿನಮನ್ ಕಟ್ಟಿದರು. ಮೂಲ ಕೋಡ್ ತೆರೆದಿತ್ತು, ಅದಕ್ಕೇ ಇದು ಸಾಧ್ಯವಾಯಿತು. ಒಂದು ಕಂಪನಿ ತೀರ್ಮಾನ ಮಾಡಿದರೆ ಜಗತ್ತೆಲ್ಲ ಮೆನು ಬದಲಾಯಿಸಿಕೊಳ್ಳಬೇಕಾದ ಕಡೆ ಹೀಗೆ ಆಗುವುದಿಲ್ಲ. ನನಗೆ ಲಿನಕ್ಸ್ ಮೇಲೆ ಇರುವ ಪ್ರೀತಿಗೆ ಇದೇ ದೊಡ್ಡ ಕಾರಣ.

ಈಗ ಅಪ್ಪನ ವಿಷಯ. ಯಾವುದು ಚೆಂದ ಅಂತ ನೋಡಬೇಡಿ. ಅವರ ಕೈ ಎಲ್ಲಿಗೆ ಹೋಗುತ್ತದೆ ನೋಡಿ. ಎಡಗಡೆ ಕೆಳಗೆ ಮೆನು, ಬಲಗಡೆ ಕೆಳಗೆ ಗಡಿಯಾರ, ಕಿಟಕಿಯ ಮೇಲೆ ಮೂರು ಗುಂಡಿ. ವರ್ಷಗಟ್ಟಲೆ ಕೂತ ಅಭ್ಯಾಸ ಅದು. ಗ್ನೋಮ್‌ನಲ್ಲಿ ಮೂಲತಃ ಮಿನಿಮೈಸ್ ಗುಂಡಿಯೇ ಇಲ್ಲ, ಡೆಸ್ಕ್‌ಟಾಪ್ ಮೇಲೆ ಐಕಾನ್ ಇಲ್ಲ. ವಿಂಡೋಸ್ ಕೀ ಒತ್ತಿ ಬೇಕಾದ್ದನ್ನು ಹುಡುಕಬೇಕು. ಉಬುಂಟುವಿನವರು ಎಡಪಕ್ಕದ ಪಟ್ಟಿ, ಐಕಾನ್ ಎಲ್ಲ ಸೇರಿಸಿ ಕೊಡುತ್ತಾರೆ, ಆದರೂ ನಡೆ ಬೇರೆಯೇ. ಹೊಸದಾಗಿ ಕಲಿಯುವ ಮಕ್ಕಳಿಗೆ ಗ್ನೋಮ್ ಬಹಳ ಚೆನ್ನಾಗಿ ಒಗ್ಗುತ್ತದೆ. ನಿಮ್ಮ ಅಪ್ಪನಿಗೆ ಬೇಡ.

ಲಿನಕ್ಸ್ ಮಿಂಟ್ ಹಾಕಿ. ಅದರಲ್ಲಿ ಸಿನಮನ್, ಮಾಟೆ, ಎಕ್ಸ್‌ಎಫ್‌ಸಿಇ ಅಂತ ಮೂರು ಆವೃತ್ತಿ ಸಿಗುತ್ತವೆ. 4 ಜಿಬಿಗೆ ಎಕ್ಸ್‌ಎಫ್‌ಸಿಇ ಹಗುರ. ಆದರೆ ಇದು ಗಮನದಲ್ಲಿರಲಿ: ಸಿನಮನ್‌ಗೂ ಅದಕ್ಕೂ ಇರುವ ವ್ಯತ್ಯಾಸ ಕೆಲವು ನೂರು ಎಂಬಿ ಮಾತ್ರ. ಬ್ರೌಸರ್‌ನಲ್ಲಿ ನಾಲ್ಕೈದು ಟ್ಯಾಬ್ ತೆರೆದರೆ ಅಷ್ಟು ಹೋಗಿಬಿಡುತ್ತದೆ. ನಿಮ್ಮ ಯಂತ್ರ ನಿಧಾನವಾಗಿರುವುದು ಬಹುಶಃ ಆ ಹಾರ್ಡ್‌ಡಿಸ್ಕ್‌ನಿಂದ. ಅದನ್ನು ತೆಗೆದು ಸಣ್ಣದೊಂದು ಎಸ್‌ಎಸ್‌ಡಿ (ತಿರುಗುವ ತಟ್ಟೆ ಇಲ್ಲದ, ವೇಗದ ಡಿಸ್ಕ್) ಹಾಕಿಸಿ. ಡೆಸ್ಕ್‌ಟಾಪ್ ಬದಲಾಯಿಸಿ ಸಿಗುವ ವೇಗಕ್ಕಿಂತ ಅದರಿಂದ ಸಿಗುವುದು ತುಂಬಾ ಜಾಸ್ತಿ. ಆಮೇಲೆ ಸಿನಮನ್ ಕೂಡ ಆರಾಮಾಗಿ ನಡೆಯುತ್ತದೆ.

ಇನ್ನೊಂದು. ನಿಮ್ಮ ಕಂಪ್ಯೂಟರ್‌ನಲ್ಲೂ ಅದೇ ಡೆಸ್ಕ್‌ಟಾಪ್ ಇರಲಿ. ಫೋನಲ್ಲಿ ಹೇಳಿಕೊಡುವಾಗ ಇಬ್ಬರ ಮುಂದೆಯೂ ಒಂದೇ ಮೆನು ಇದ್ದರೆ ಅರ್ಧ ಜಗಳ ತಪ್ಪುತ್ತದೆ.

ಪ್ಲಾಸ್ಮಾ_ಪ್ರಿಯ

ಕೆಡಿಇ ಭಾರ ಅನ್ನುವುದು ಹಳೇ ಮಾತು. ಈಗಿನ ಪ್ಲಾಸ್ಮಾ 4 ಜಿಬಿಯಲ್ಲೂ ನಡೆಯುತ್ತದೆ. ನೋಡಲು ವಿಂಡೋಸ್‌ಗೆ ಹತ್ತಿರ. ಫೋನನ್ನೂ ಕಂಪ್ಯೂಟರನ್ನೂ ಜೋಡಿಸುವ ಕೆಡಿಇ ಕನೆಕ್ಟ್ ಹಾಕಿಕೊಂಡರೆ ಅಪ್ಪನ ಫೋನಿನ ಫೋಟೊಗಳು ವೈರ್ ಇಲ್ಲದೆ ಲ್ಯಾಪ್‌ಟಾಪ್‌ಗೆ ಬರುತ್ತವೆ. ಒಮ್ಮೆ ನೋಡಿ ತೀರ್ಮಾನ ಮಾಡಿ.

ಗಣಕ_ಸಾಗರ

@ಪ್ಲಾಸ್ಮಾ_ಪ್ರಿಯ ಭಾರದ ಮಾತು ಒಪ್ಪುತ್ತೇನೆ. ನನ್ನ ಅಂಗಡಿಯ ಯಂತ್ರದಲ್ಲೂ ಪ್ಲಾಸ್ಮಾನೇ ಇದೆ. ಆದರೆ ಅದರಲ್ಲಿ ಸೆಟ್ಟಿಂಗ್ಸ್ ಬಹಳ. ಬೇಕು ಬೇಕಾದ ಹಾಗೆ ತಿರುಗಿಸಿಕೊಳ್ಳುವವರಿಗೆ ಅದೇ ಸುಖ. ದೂರದಲ್ಲಿ ಒಬ್ಬರೇ ಇರುವ ಹಿರಿಯರಿಗೆ ಆಯ್ಕೆ ಕಮ್ಮಿ ಇದ್ದಷ್ಟೂ ಒಳ್ಳೆಯದು. ಮಿಂಟ್‌ನವರು ಕೆಡಿಇ ಆವೃತ್ತಿಯನ್ನು 18.3ಕ್ಕೇ ನಿಲ್ಲಿಸಿದರು. ಪ್ಲಾಸ್ಮಾ ಬೇಕು ಅಂದರೆ ಕುಬುಂಟು ಅಥವಾ ಫೆಡೋರಾ ಕೆಡಿಇ ನೋಡಬೇಕು.

ಡಿಟಿಪಿ_ಅಕ್ಕ

ತಮ್ಮಾ, ಎಲ್ಲರೂ ರ‍್ಯಾಮ್ ಬಗ್ಗೆ ಹೇಳಿದರು. ಅಪ್ಪನ ಕನ್ನಡದ ಬಗ್ಗೆ ನಾನು ಹೇಳುತ್ತೇನೆ.

ನುಡಿ ತಂತ್ರಾಂಶ ಲಿನಕ್ಸ್‌ನಲ್ಲಿ ಸಿಗುವುದಿಲ್ಲ, ಆದರೆ ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಸಿಗುತ್ತದೆ. ಐಬಸ್ ಅಂದರೆ ಬೇರೆ ಬೇರೆ ಭಾಷೆ ಟೈಪ್ ಮಾಡಿಸುವ ತಂತ್ರಾಂಶ. ಅದರ ಐಬಸ್-ಎಂ17ಎನ್ ಎಂಬ ಪ್ಯಾಕೇಜ್ ಹಾಕಿ, ಕನ್ನಡದ ಕೆಳಗೆ ಕೆಜಿಪಿ ಆರಿಸಿಕೊಳ್ಳಿ. ಅಪ್ಪ ಬೆರಳು ಬದಲಾಯಿಸಬೇಕಾಗಿಲ್ಲ. ಒತ್ತಕ್ಷರಕ್ಕೆ ಅದೇ ಎಫ್ ಕೀ.

ಡೆಸ್ಕ್‌ಟಾಪ್ ವ್ಯತ್ಯಾಸ ಗೊತ್ತಾಗುವುದು ಇಲ್ಲೇ. ಗ್ನೋಮ್‌ನಲ್ಲಿ ಐಬಸ್ ಒಳಗೇ ಸೇರಿದೆ, ಕೀಬೋರ್ಡ್ ಸೆಟ್ಟಿಂಗ್ಸ್‌ನಲ್ಲೇ ಕನ್ನಡ ಸೇರಿಸಬಹುದು. ಮಿಂಟ್‌ನಲ್ಲಿ ಮೆನುವಿನಲ್ಲಿ ‘ಇನ್‌ಪುಟ್ ಮೆಥಡ್’ ಅಂತ ಹುಡುಕಿ ಐಬಸ್ ಆರಿಸಿ, ಒಮ್ಮೆ ಲಾಗೌಟ್ ಆಗಿ ಬನ್ನಿ. ಪ್ಲಾಸ್ಮಾದಲ್ಲಿ ವೇಲ್ಯಾಂಡ್ (ಪರದೆಯ ಮೇಲೆ ಕಿಟಕಿಗಳನ್ನು ಮೂಡಿಸುವ ಹೊಸ ವ್ಯವಸ್ಥೆ) ಇದ್ದರೆ ಸೆಟ್ಟಿಂಗ್ಸ್‌ನ ‘ವರ್ಚುವಲ್ ಕೀಬೋರ್ಡ್’ ಒಳಗೆ ಹೋಗಿ ಐಬಸ್ ಅಥವಾ ಅಂಥದ್ದೇ ಇನ್ನೊಂದಾದ ಎಫ್‌ಸಿಐಟಿಎಕ್ಸ್ 5 ಆರಿಸಬೇಕು. ಆ ಹೆಸರು ನೋಡಿ ಯಾರಿಗೂ ಹೊಳೆಯುವುದಿಲ್ಲ. ಕನ್ನಡ ಬರುವುದೇ ಇಲ್ಲ ಅಂತ ಎಷ್ಟೋ ಜನ ಅಲ್ಲಿಗೇ ಬಿಟ್ಟುಬಿಡುತ್ತಾರೆ. ಅಕ್ಷರಶೈಲಿಗೆ ಫಾಂಟ್ಸ್-ಕೆಎನ್‌ಡಿಎ ಹಾಕಿ, ಗುಬ್ಬಿ, ನವಿಲು ಎರಡೂ ಬರುತ್ತವೆ.

ಇದಕ್ಕಿಂತ ಮುಖ್ಯವಾದದ್ದು: ಅಪ್ಪನ ಹಳೇ ಕಡತಗಳು ಯೂನಿಕೋಡ್‌ನಲ್ಲಿ (ಎಲ್ಲ ಕಂಪ್ಯೂಟರ್‌ಗೂ ಕನ್ನಡ ಅಂತ ಗೊತ್ತಾಗುವ ಸಂಕೇತ) ಇವೆಯಾ ನೋಡಿ. ಇಂಗ್ಲಿಷ್ ಅಕ್ಷರದ ಸಂಕೇತಕ್ಕೆ ಕನ್ನಡದ ರೂಪ ತೊಡಿಸುವ ನುಡಿಯ ಹಳೇ ಆಸ್ಕಿ ಫಾಂಟ್‌ನಲ್ಲಿ ಬರೆದಿದ್ದರೆ ಲಿನಕ್ಸ್‌ನಲ್ಲಿ ತೆರೆದಾಗ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ವಿಂಡೋಸ್ ಅಳಿಸುವ ಮೊದಲೇ ನುಡಿಯ ಪರಿವರ್ತಕದಲ್ಲಿ ಯೂನಿಕೋಡ್‌ಗೆ ಬದಲಾಯಿಸಿ, ಪೆನ್‌ಡ್ರೈವ್‌ಗೆ ತೆಗೆದಿಡಿ. ಅಷ್ಟು ವರ್ಷದ ಅರ್ಥಗಾರಿಕೆಯ ಟಿಪ್ಪಣಿ ಅಂದರೆ ಸುಮ್ನೆ ಅಲ್ಲ.

ಕೆಳದಿ_ಹುಡುಗ

ಅಕ್ಕಾ, ತುಂಬಾ ಥ್ಯಾಂಕ್ಸ್. ತೆರೆದು ನೋಡಿದೆ, ಮುಕ್ಕಾಲು ಪಾಲು ಆಸ್ಕಿಯೇ. ಈ ವಾರ ಊರಿಗೆ ಹೋಗಿ ಮೊದಲು ಅದೇ ಕೆಲಸ. ಸರ್, ಒಂದು ಸಣ್ಣ ಪ್ರಶ್ನೆ. ಸಿನಮನ್, ಎಕ್ಸ್‌ಎಫ್‌ಸಿಇ ಎರಡನ್ನೂ ಅಪ್ಪನಿಗೆ ತೋರಿಸಬೇಕು. ಒಂದರ ಮೇಲೊಂದು ಹಾಕಬಹುದಾ?

ಗಣಕ_ಸಾಗರ

ಹಾಕಬಹುದು. ಲಾಗಿನ್ ಪರದೆಯಲ್ಲಿ ಹೆಸರಿನ ಪಕ್ಕದ ಸಣ್ಣ ಗುರುತು ಒತ್ತಿದರೆ ಯಾವುದು ಬೇಕು ಅಂತ ಕೇಳುತ್ತದೆ. ಆದರೆ ಎರಡರ ಪ್ರೋಗ್ರಾಂಗಳೂ ಮೆನುವಿನಲ್ಲಿ ಬೆರೆತು ಅಪ್ಪನಿಗೆ ಗೊಂದಲ. ಅದರ ಬದಲು ಬೇರೊಂದು ಖಾಲಿ ಪೆನ್‌ಡ್ರೈವ್‌ಗೆ ವೆಂಟಾಯ್ (ಒಂದೇ ಪೆನ್‌ಡ್ರೈವ್‌ನಿಂದ ಹಲವು ಸಿಸ್ಟಂ ಶುರು ಮಾಡಿಸುವ ತಂತ್ರಾಂಶ) ಹಾಕಿ, ಎರಡೂ ಆವೃತ್ತಿಯ ಐಎಸ್‌ಒ ಫೈಲ್, ಅಂದರೆ ಡೌನ್‌ಲೋಡ್‌ಗೆ ಸಿಗುವ ಪೂರ್ತಿ ಕಟ್ಟು, ಅದರೊಳಗೆ ಕಾಪಿ ಮಾಡಿ. ಇನ್‌ಸ್ಟಾಲ್ ಮಾಡದೆ ಪೆನ್‌ಡ್ರೈವ್‌ನಿಂದಲೇ ಎರಡನ್ನೂ ನಡೆಸಿ ನೋಡಬಹುದು. ಸ್ವಲ್ಪ ನಿಧಾನ ಇರುತ್ತದೆ, ಅದು ಪೆನ್‌ಡ್ರೈವ್‌ನ ವೇಗ, ಡೆಸ್ಕ್‌ಟಾಪ್‌ನದ್ದಲ್ಲ. ಮೌಸ್ ಅಪ್ಪನ ಕೈಗೇ ಕೊಡಿ, ನೀವು ಪಕ್ಕದಲ್ಲಿ ಕೂತು ನೋಡಿ. ವೈಫೈ, ಪ್ರಿಂಟರ್, ಸೌಂಡ್ ಆಗಲೇ ಪರೀಕ್ಷೆ ಮಾಡಿಕೊಳ್ಳಿ. ಇನ್‌ಸ್ಟಾಲ್ ಆದ ದಿನವೇ ಟೈಮ್‌ಶಿಫ್ಟ್ ಎಂಬ ಪ್ರೋಗ್ರಾಂ ತೆರೆದು ಒಂದು ಸ್ನ್ಯಾಪ್‌ಶಾಟ್ (ಕೆಟ್ಟರೆ ಹಿಂದಿನ ಸ್ಥಿತಿಗೆ ಮರಳಲು ಪ್ರತಿ) ತೆಗೆಯಿರಿ. ಅದು ಸಿಸ್ಟಂ ಅನ್ನು ಮಾತ್ರ ಕಾಪಾಡುತ್ತದೆ, ಟಿಪ್ಪಣಿಗಳಿಗೆ ಬೇರೆ ಬ್ಯಾಕಪ್ ಬೇಕು.