ನಾಲ್ಕು ಜನರ ಸಾಫ್ಟ್‌ವೇರ್ ತಂಡ ಹದಿನೈದು ಆಗಬೇಕು: ಗಂಗಾವತಿಯ ಪ್ರಶ್ನೆ, ನಮ್ಮ ಭಾಗದವರ ಅನುಭವ

ಪ್ರಶ್ನೆ, ಗಂಗಾವತಿಯಿಂದ

ಎಲ್ಲರಿಗೂ ನಮಸ್ಕಾರ. ನಾನು, ನನ್ನ ತಮ್ಮ ಸೇರಿ ಗಂಗಾವತಿಯಲ್ಲಿ ಒಂದು ಸಣ್ಣ ಸ್ಟಾರ್ಟಪ್ ನಡೆಸುತ್ತಿದ್ದೇವೆ. ರೈಸ್ ಮಿಲ್‌ಗಳಿಗೆ ಸಾಫ್ಟ್‌ವೇರ್ ಮಾಡುತ್ತೇವೆ. ಭತ್ತದ ಲಾರಿಯ ತೂಕ, ತೇವಾಂಶ, ಚೀಲದ ಲೆಕ್ಕ, ಹಮಾಲಿ, ರೈತರಿಗೆ ಕೊಡುವ ಲೆಕ್ಕದ ಪಟ್ಟಿ, ಜಿಎಸ್‌ಟಿ ಬಿಲ್ಲು, ಎಲ್ಲ ಅದರಲ್ಲೇ. ಕೋಡ್ ಬರೆಯುವವರು ನಾಲ್ಕು ಜನ. ಈಗ ಕಾರಟಗಿ, ಸಿಂಧನೂರು, ಸಿರುಗುಪ್ಪದ ಮಿಲ್‌ಗಳೂ ಕೇಳುತ್ತಿವೆ. ಸ್ವಲ್ಪ ಬಂಡವಾಳವೂ ಸಿಕ್ಕಿದೆ. ವರ್ಷದೊಳಗೆ ಹದಿನೈದು ಜನ ಆಗಿ ಅಂತ ಹಣ ಹಾಕಿದವರು ಹೇಳುತ್ತಿದ್ದಾರೆ. ಇದೇ ಹೊತ್ತಿಗೆ ನಮ್ಮ ಇಬ್ಬರು ಹುಡುಗರು ಬೆಂಗಳೂರಿಗೆ ಹೊರಟಿದ್ದಾರೆ. ಸಣ್ಣ ಸಣ್ಣ ವಿಷಯಕ್ಕೂ ಎಲ್ಲರೂ ನನ್ನನ್ನೇ ಕೇಳುತ್ತಾರೆ. ಬೆಂಗಳೂರಿನಿಂದ ಅನುಭವಿಗಳನ್ನು ಕರೆಸಬೇಕಾ, ಇಲ್ಲಿನ ಕಾಲೇಜುಗಳಿಂದ ಹೊಸಬರನ್ನು ತೆಗೆದುಕೊಳ್ಳಬೇಕಾ? ತಂಡವನ್ನು ಯಾವಾಗ, ಹೇಗೆ ಭಾಗ ಮಾಡಬೇಕು? ಗೊತ್ತಿರುವವರು ದಯವಿಟ್ಟು ಹೇಳಿ.

ಬಳ್ಳಾರಿಯಿಂದ

ಅಕ್ಕಾ, ನಾನು ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಘಟಕಗಳಿಗೆ ಸ್ಟಾಕ್, ಜಾಬ್‌ವರ್ಕ್ ಲೆಕ್ಕದ ಸಾಫ್ಟ್‌ವೇರ್ ಮಾಡುವ ತಂಡ ನೋಡಿಕೊಳ್ಳುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಓದಿ.

ಹದಿನೈದು ಅನ್ನುವ ಸಂಖ್ಯೆಯನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಕೆಲಸ ಎಲ್ಲಿ ನಿಂತಿದೆ ಅಂತ ನೋಡಿ. ನೀವೇ ಬರೆದಿದ್ದೀರಿ, ಎಲ್ಲವೂ ನಿಮ್ಮ ಹತ್ತಿರ ಬಂದು ನಿಲ್ಲುತ್ತಿದೆ. ಹಾಗಿರುವಾಗ ಹತ್ತಕ್ಕಿಂತ ಹೆಚ್ಚು ಜನ ಹೊಸಬರು ಬಂದರೆ ನಿಮ್ಮ ಮೇಜಿನ ಮುಂದಿನ ಸಾಲು ಇನ್ನೂ ಉದ್ದ ಆಗುತ್ತದೆ.

ಐಬಿಎಂನಲ್ಲಿ ಒಂದು ದೊಡ್ಡ ಆಪರೇಟಿಂಗ್ ಸಿಸ್ಟಂ ಕೆಲಸ ನಡೆಸಿದ್ದ ಫ್ರೆಡ್ ಬ್ರೂಕ್ಸ್ 1975ರಲ್ಲೇ ಇದನ್ನು ಹೇಳಿದ್ದಾರೆ. ತಡವಾಗಿರುವ ಸಾಫ್ಟ್‌ವೇರ್ ಕೆಲಸಕ್ಕೆ ಇನ್ನಷ್ಟು ಜನ ಹಾಕಿದರೆ ಅದು ಮತ್ತೂ ತಡ ಆಗುತ್ತದೆ ಅಂತ. ಹೊಸಬರಿಗೆ ಕಲಿಸಲು ಹಳಬರ ಸಮಯ ಹೋಗುತ್ತದೆ. ಯಾರು ಯಾರ ಜೊತೆ ಮಾತಾಡಬೇಕು ಅನ್ನುವುದೂ ಬೆಳೆಯುತ್ತದೆ. ನಾಲ್ಕು ಜನರ ನಡುವೆ 6 ಜೋಡಿ. ಹದಿನೈದು ಜನರ ನಡುವೆ 105.

ನಾವು ಇಲ್ಲಿ ಪಾಲಿಸುವುದು ಒಂದೇ ನಿಯಮ. ಕೆಲಸ ಗೊತ್ತಿರುವ ಒಬ್ಬರ ಕೈಕೆಳಗೆ ಒಂದು ಸಲಕ್ಕೆ ಒಬ್ಬ ಹೊಸಬರು, ತೀರಾ ಅಂದರೆ ಇಬ್ಬರು. ಅದಕ್ಕಿಂತ ಜಾಸ್ತಿ ಆದರೆ ಹಳಬರು ದಿನವಿಡೀ ಉತ್ತರ ಹೇಳುತ್ತಾ ಕೂರುತ್ತಾರೆ, ಸಂಜೆ ಮೇಲೆ ತಮ್ಮ ಕೆಲಸ ಶುರು ಮಾಡುತ್ತಾರೆ. ಕೆಲವೇ ತಿಂಗಳಲ್ಲಿ ಅವರೂ ಬೇರೆ ಕೆಲಸ ಹುಡುಕುತ್ತಾರೆ. ನಿಮ್ಮಲ್ಲಿ ಉಳಿಯುವ ಹಳಬರು ಇಬ್ಬರು. ಹಾಗಾಗಿ ಮೊದಲ ಕಂತಿನಲ್ಲಿ ಇಬ್ಬರು, ಮೂವರು ಸಾಕು. ಅವರು ಯಾರನ್ನೂ ಕೇಳದೆ ಒಂದು ಬದಲಾವಣೆಯನ್ನು ಮಿಲ್ ತನಕ ತಲುಪಿಸುವ ಹಾಗೆ ಆದ ಮೇಲೆ ಮುಂದಿನ ಕಂತು. ಹೀಗೆ ಹೋದರೆ ವರ್ಷದ ಕೊನೆಗೆ ಎಂಟೊಂಬತ್ತು ಜನ ಆಗಬಹುದು. ಹಣ ಹಾಕಿದವರಿಗೆ ಈ ಲೆಕ್ಕವನ್ನೇ ಕಾಗದದ ಮೇಲೆ ಬರೆದು ತೋರಿಸಿ. ಬಹಳಷ್ಟು ಜನ ಒಪ್ಪುತ್ತಾರೆ. ಅವರಿಗೆ ಬೇಕಿರುವುದು ಮಿಲ್‌ಗಳು, ತಲೆ ಎಣಿಕೆ ಅದಕ್ಕೊಂದು ಅಂದಾಜು ಮಾತ್ರ.

ಇನ್ನು ಹೊರಟಿರುವ ಇಬ್ಬರು. ಹೊಸಬರನ್ನು ಹುಡುಕುವುದಕ್ಕಿಂತ ಇದು ತುರ್ತು. ನೋಟಿಸ್ ಅವಧಿಯಲ್ಲಿ ಅವರಿಗೆ ಒಂದೂ ಹೊಸ ಫೀಚರ್ ಕೊಡಬೇಡಿ. ಉಳಿಯುವವರ ಪಕ್ಕದಲ್ಲಿ ಕೂರಿಸಿ. ಕೀಬೋರ್ಡ್ ಉಳಿಯುವವರ ಕೈಯಲ್ಲಿರಲಿ, ಹೋಗುವವರು ನೋಡುತ್ತಾ ಹೇಳಲಿ. ಹೊಸ ಆವೃತ್ತಿ ಬಿಡುವುದು, ಸರ್ವರ್ ಬಿದ್ದರೆ ಎತ್ತುವುದು, ಬ್ಯಾಕಪ್‌ನಿಂದ ಡೇಟಾ ವಾಪಸ್ ತರುವುದು, ಇವನ್ನೆಲ್ಲ ಒಂದು ಸಲ ನಿಜವಾಗಿ ಮಾಡಿಸಿ. ಬ್ಯಾಕಪ್ ಇದೆ ಅನ್ನುವುದು ಬೇರೆ, ವಾಪಸ್ ತಂದು ನೋಡಿದ್ದೇವೆ ಅನ್ನುವುದು ಬೇರೆ. ವೇ ಬ್ರಿಜ್ (ಲಾರಿ ತೂಗುವ ಕಾಟಾ) ವಿಷಯವಂತೂ ಬಿಡಲೇಬೇಡಿ. ತೂಕ ತೋರಿಸುವ ಇಂಡಿಕೇಟರ್‌ನಿಂದ ಕಂಪ್ಯೂಟರ್‌ನ ಸೀರಿಯಲ್ ಪೋರ್ಟ್‌ಗೆ (ಕೇಬಲ್ ಸಿಕ್ಕಿಸುವ ಜಾಗಕ್ಕೆ) ತೂಕ ಬರುವ ರೀತಿ ಕಂಪನಿಯಿಂದ ಕಂಪನಿಗೆ ಬೇರೆ ಇರುತ್ತದೆ. ಯಾವ ಮಿಲ್‌ನಲ್ಲಿ ಯಾವುದಿದೆ, ಅದಕ್ಕೆ ಕೋಡ್‌ನಲ್ಲಿ ಏನು ಮಾಡಿದ್ದಾರೆ ಅನ್ನುವುದು ಆ ಹುಡುಗರ ತಲೆಯಲ್ಲಿ ಮಾತ್ರ ಇರುವ ಸಾಧ್ಯತೆ ಹೆಚ್ಚು. ಒಂದೊಂದು ಮಿಲ್‌ಗೆ ಒಂದೊಂದು ಪುಟ ಬರೆಸಿ.

ಅವರನ್ನು ಚೆನ್ನಾಗಿ ಕಳಿಸಿಕೊಡಿ. ನಮ್ಮಲ್ಲಿಂದ ಹೋದ ಒಬ್ಬರು ಮದುವೆಯಾದ ಮೇಲೆ ಬಳ್ಳಾರಿಗೆ ಬಂದು ಮತ್ತೆ ನಮ್ಮಲ್ಲೇ ಸೇರಿದರು. ಈಗ ಒಂದು ತಂಡ ನಡೆಸುತ್ತಿದ್ದಾರೆ.

ಹೊಸಬರು ಬರುವ ಕಾಲವೂ ಮುಖ್ಯ. ತುಂಗಭದ್ರಾ ಕಾಲುವೆಯ ಭತ್ತ ನವೆಂಬರ್, ಡಿಸೆಂಬರ್‌ನಲ್ಲಿ ಮಿಲ್‌ಗೆ ಬರುತ್ತದೆ. ಎರಡನೇ ಬೆಳೆಗೆ ನೀರು ಸಿಕ್ಕ ವರ್ಷ ಏಪ್ರಿಲ್, ಮೇನಲ್ಲಿ ಮತ್ತೆ. ಆ ತಿಂಗಳುಗಳಲ್ಲಿ ಕಲಿಸುವ ವ್ಯವಧಾನ ಯಾರಿಗೂ ಇರುವುದಿಲ್ಲ. ಜೂನ್, ಜುಲೈನಲ್ಲಿ ಸೇರಿಸಿಕೊಂಡರೆ ಸುಗ್ಗಿಯ ಹೊತ್ತಿಗೆ ಕೈ ಹಿಡಿಯುತ್ತಾರೆ.

ರಾಯಚೂರಿನಿಂದ

ಬಳ್ಳಾರಿಯವರು ಹೇಳಿದ ಕಂತಿನ ಲೆಕ್ಕ ಸರಿ. ಆದರೆ ಮೇಡಂ, ಬರೀ ಹೊಸಬರನ್ನು ಇಟ್ಟುಕೊಂಡು ಹೋದರೆ ಕಲಿಸುವವರು ಯಾವಾಗಲೂ ಉಳಿದ ಆ ಇಬ್ಬರು ಹಳಬರೇ ಆಗಿರುತ್ತಾರೆ. ಒಬ್ಬ ಹಿರಿಯರು ಬೇಕೇ ಬೇಕು. ಬೆಂಗಳೂರಿನಲ್ಲಿ ಕೆಲಸ ಮಾಡಿ ಊರಿಗೆ ಮರಳಿದವಳು ನಾನು. ನನ್ನ ಹಾಗೆ ಮರಳಲು ಮನಸ್ಸಿರುವವರು ಅಲ್ಲಿ ತುಂಬಾ ಜನ ಇದ್ದಾರೆ. ಅಪ್ಪ ಅಮ್ಮ ರಾಯಚೂರಲ್ಲೋ ಕೊಪ್ಪಳದಲ್ಲೋ ಇಬ್ಬರೇ ಇರುತ್ತಾರೆ, ಮಕ್ಕಳಿಗೆ ವಾಪಸ್ ಬರಲು ಒಂದು ಒಳ್ಳೆಯ ಕೆಲಸ ಸಾಕು. ಅಂಥವರನ್ನು ಹುಡುಕಿ. ದೊಡ್ಡ ಹೆಸರಿನ ಕಂಪನಿಯಿಂದ ಬಂದವರೇ ಆಗಬೇಕಿಲ್ಲ. ಮಾತುಕತೆಯಲ್ಲಿ ಒಂದು ಪ್ರಶ್ನೆ ತಪ್ಪದೆ ಕೇಳಿ: ನಿಮ್ಮ ಕೈಯಲ್ಲಿ ಕಲಿತವರು ಈಗ ಏನು ಮಾಡುತ್ತಿದ್ದಾರೆ? ಇದಕ್ಕೆ ಮುಖ ಅರಳಿಸಿ ಉತ್ತರ ಹೇಳುವವರು ನಿಮಗೆ ಬೇಕಾದವರು.

ಭಾಷೆಯ ವಿಷಯ ಯಾರೂ ಹೇಳಿಲ್ಲ. ನಮ್ಮ ಹುಡುಗ ಹುಡುಗಿಯರು ಕನ್ನಡ, ತೆಲುಗು, ಉರ್ದು ಮೂರರಲ್ಲೂ ಚಟಪಟ ಮಾತಾಡುತ್ತಾರೆ. ಮೀಟಿಂಗ್ ಇಂಗ್ಲಿಷ್‌ನಲ್ಲಿ ಶುರುವಾದ ಕೂಡಲೇ ಬಾಯಿ ಮುಚ್ಚುತ್ತಾರೆ. ಅರ್ಥ ಆಗದಿದ್ದರೂ ತಲೆ ಆಡಿಸುತ್ತಾರೆ. ಆ ತಲೆ ಆಡಿಸಿದ್ದರ ಬೆಲೆ ಆಮೇಲೆ ತಪ್ಪು ಕೋಡ್ ಆಗಿ ಬರುತ್ತದೆ. ಮಾತು ಕನ್ನಡದಲ್ಲೇ ನಡೆಯಲಿ. ಬರಹ ಸರಳ ಇಂಗ್ಲಿಷ್‌ನಲ್ಲಿರಲಿ, ಮುಂದೆ ಯಾರು ಬಂದರೂ ಓದಬಹುದು.

ಕೋಡ್ ರಿವ್ಯೂ, ಅಂದರೆ ಒಬ್ಬರು ಬರೆದ ಕೋಡನ್ನು ಇನ್ನೊಬ್ಬರು ಓದಿ ನೋಡುವುದು, ತಂಡದ ನಿಜವಾದ ಪಾಠಶಾಲೆ. ಸಣ್ಣ ಸಣ್ಣ ಬದಲಾವಣೆಗಳನ್ನೇ ಕಳಿಸಲು ಹೇಳಿ. ಸಾವಿರಾರು ಸಾಲು ಒಟ್ಟಿಗೆ ಬಂದರೆ ಯಾರೂ ಓದುವುದಿಲ್ಲ, ಸುಮ್ನೆ ಒಪ್ಪಿಗೆ ಒತ್ತುತ್ತಾರೆ. ರಿವ್ಯೂ ಒಂದು ದಿನಕ್ಕಿಂತ ಜಾಸ್ತಿ ಕಾಯಬಾರದು. ಹೊಸಬರೂ ಹಳಬರ ಕೋಡ್ ನೋಡಿ ಪ್ರಶ್ನೆ ಕೇಳಬೇಕು. ನಿಮ್ಮ ಕೋಡ್ ಕೂಡ, ಮೇಡಂ. ನೀವು ರಿವ್ಯೂ ಇಲ್ಲದೆ ನೇರವಾಗಿ ಬಿಟ್ಟರೆ ಉಳಿದವರೂ ಹಾಗೇ ಮಾಡುತ್ತಾರೆ.

ಏನಾದರೂ ಕೆಟ್ಟಾಗ ಯಾರು ಮಾಡಿದ್ದು ಅಂತ ಕೇಳಬೇಡಿ. ನಾನು ಹಿಂದೆ ಇದ್ದ ಒಂದು ಕಡೆ ಎಲ್ಲರ ಮುಂದೆ ಬೈಯುವ ರೂಢಿ ಇತ್ತು. ಆಗ ಜನ ತೊಂದರೆ ಮುಚ್ಚಿಡುವುದನ್ನು ಕಲಿತರು. ಮಿಲ್‌ನಲ್ಲಿ ತೂಕ ತಪ್ಪು ಬಂದಿದೆ ಅಂತ ಹುಡುಗ ಹತ್ತು ನಿಮಿಷದಲ್ಲಿ ಹೇಳುವುದಕ್ಕೂ, ಸಂಜೆ ಮಾಲೀಕರು ಫೋನ್ ಮಾಡಿದ ಮೇಲೆ ಹೇಳುವುದಕ್ಕೂ ಎಷ್ಟು ಲಾರಿಗಳ ವ್ಯತ್ಯಾಸ ಇದೆ ನೋಡಿ. ಯಾವ ಪರೀಕ್ಷೆ ಇದ್ದಿದ್ದರೆ ಇದು ಮೊದಲೇ ಸಿಗುತ್ತಿತ್ತು ಅಂತ ಕೇಳಿ, ಬರೆದಿಡಿ.

ಇನ್ನೊಂದು. ಇಲ್ಲಿ ಓದಿದ ಹುಡುಗಿಯರು ತುಂಬಾ ಜನ ಊರು ಬಿಟ್ಟು ಹೋಗಲು ಆಗದೆ ಮನೆಯಲ್ಲೇ ಇದ್ದಾರೆ. ಚೆನ್ನಾಗಿ ಕೆಲಸ ಮಾಡುವವರು. ಆದರೆ ಸಂಜೆ ಆರೂವರೆಗೆ ಮೀಟಿಂಗ್ ಇಟ್ಟರೆ ಊರಿನ ಬಸ್ಸು ತಪ್ಪುತ್ತದೆ. ಮನೆಯವರು ಎರಡನೇ ವಾರಕ್ಕೇ ಬಿಡಿಸುತ್ತಾರೆ. ಮುಖ್ಯ ಮಾತುಕತೆಯನ್ನೆಲ್ಲ ಬೆಳಿಗ್ಗೆ ಹತ್ತೂವರೆಗೆ ಇಡಿ. ಇಷ್ಟು ಮಾಡಿದರೂ ನಿಮ್ಮ ತಂಡಕ್ಕೆ ಬರುವವರ ಸಂಖ್ಯೆ ಬದಲಾಗುತ್ತದೆ.

ಕೊಪ್ಪಳದಿಂದ

ನಾನು ಸಣ್ಣ ಕಂಪನಿಗಳ ಲೆಕ್ಕಪತ್ರ ನೋಡುವವನು. ಜನ ಸೇರಿಸುವ ಮೊದಲು ಇಷ್ಟು ತಿಳಿದಿರಲಿ. ಎಣಿಕೆಗೆ ಕೋಡ್ ಬರೆಯುವವರಷ್ಟೇ ಅಲ್ಲ, ಸಪೋರ್ಟ್‌ನವರು, ಆಫೀಸಿನವರು ಎಲ್ಲ ಸೇರುತ್ತಾರೆ. ಹತ್ತು ಜನ ಆದ ಕೂಡಲೇ 2013ರ ಕಾಯ್ದೆ ಪ್ರಕಾರ ಕೆಲಸದ ಜಾಗದ ಲೈಂಗಿಕ ಕಿರುಕುಳದ ದೂರು ಕೇಳಲು ಆಂತರಿಕ ಸಮಿತಿ ಬೇಕು. ಹಿರಿಯ ಮಹಿಳೆಯೇ ಅಧ್ಯಕ್ಷರಾಗಬೇಕು, ಹೊರಗಿನ ಒಬ್ಬ ಸದಸ್ಯರೂ ಇರಬೇಕು. ಹತ್ತಕ್ಕೇ ಇಎಸ್‌ಐ (ನೌಕರರ ಆರೋಗ್ಯ ವಿಮೆ) ಕೂಡ ಬರುತ್ತದೆ, ತಿಂಗಳಿಗೆ 21,000 ರೂಪಾಯಿ ತನಕ ಸಂಬಳ ಇರುವವರಿಗೆ. ಇಪ್ಪತ್ತಕ್ಕೆ ಪಿಎಫ್. ಮುಂದೆ ಕಂಪನಿಯ ಷೇರು ಕೊಳ್ಳುವ ಆಯ್ಕೆಯನ್ನು (ಸ್ಟಾಕ್ ಆಪ್ಷನ್) ಕೊಡುವ ಯೋಚನೆ ಇದ್ದರೆ, ಕೊಟ್ಟ ದಿನದಿಂದ ಕನಿಷ್ಠ ಒಂದು ವರ್ಷ ಆಗದೆ ಅದು ನೌಕರರ ಹಕ್ಕಾಗುವುದಿಲ್ಲ. ಬಾಯಿಮಾತಿನಲ್ಲಿ ಪಾಲು ಕೊಡುತ್ತೇನೆ ಅನ್ನಬೇಡಿ, ಪತ್ರದಲ್ಲಿ ಬರೆದು ಕೊಡಿ.

ಗಂಗಾವತಿಯಿಂದ ಮತ್ತೆ

ಎಲ್ಲರಿಗೂ ತುಂಬಾ ಧನ್ಯವಾದ. ಹೋಗುವ ಹುಡುಗರ ಕೈಯಲ್ಲಿ ಹೊಸ ಫೀಚರ್ ಇತ್ತು, ಇವತ್ತೇ ನಿಲ್ಲಿಸಿದೆ. ಇನ್ನೆರಡು ಪ್ರಶ್ನೆ. ಹೊಸಬರನ್ನು ಆರಿಸುವಾಗ ಏನು ನೋಡುತ್ತೀರಿ? ಮತ್ತೆ, ಎರಡು ವರ್ಷದ ಬಾಂಡ್ ಬರೆಸಿ, ಮಾರ್ಕ್ಸ್ ಕಾರ್ಡ್ ಇಟ್ಟುಕೊಳ್ಳಿ ಅಂತ ಪರಿಚಯದವರು ಹೇಳುತ್ತಿದ್ದಾರೆ. ಮಾಡಬಹುದಾ?

ಬಳ್ಳಾರಿಯಿಂದ

ಬೇಡ ಅಕ್ಕಾ, ಖಂಡಿತ ಬೇಡ. ಒಬ್ಬರ ಮಾರ್ಕ್ಸ್ ಕಾರ್ಡ್ ಬೀರುವಿನಲ್ಲಿಟ್ಟು ಬೀಗ ಹಾಕುವುದು ತಪ್ಪು. ಹಾಗೆ ಕಟ್ಟಿಹಾಕಿದವರು ಕುರ್ಚಿಯಲ್ಲಿ ಇರುತ್ತಾರೆ, ಕೆಲಸದಲ್ಲಿ ಇರುವುದಿಲ್ಲ. ಸುದ್ದಿ ಕಾಲೇಜಿಗೂ ಮುಟ್ಟುತ್ತದೆ, ಮುಂದಿನ ವರ್ಷ ಒಳ್ಳೆಯವರು ಬರುವುದಿಲ್ಲ. ಬೆಂಗಳೂರಿನ ಸಂಬಳ ನಮ್ಮಿಂದ ಆಗದಿರಬಹುದು. ಅಲ್ಲಿನ ಬಾಡಿಗೆ, ಊಟ, ಓಡಾಟ ಕಳೆದು ಎಷ್ಟು ಉಳಿಯುತ್ತದೆ ಅಂತ ಲೆಕ್ಕ ಹಾಕಿ, ಅದರ ಹತ್ತಿರ ಕೊಡಿ. ಆರು ತಿಂಗಳಿಗೊಮ್ಮೆ ಕೂತು ಸಂಬಳದ ಬಗ್ಗೆ ನೀವೇ ಮಾತು ತೆಗೆಯಿರಿ. ಅವರು ಬೇರೆ ಕಡೆಯ ಆಫರ್ ತಂದು ತೋರಿಸುವ ತನಕ ಕಾಯಬೇಡಿ.

ಆರಿಸುವ ವಿಷಯ. 2019ರಲ್ಲಿ ಶುರುವಾದ ಐಐಐಟಿ (ಮಾಹಿತಿ ತಂತ್ರಜ್ಞಾನದ ರಾಷ್ಟ್ರೀಯ ಸಂಸ್ಥೆ) ರಾಯಚೂರಿನಲ್ಲಿದೆ, ಎಲ್ಲರ ಕಣ್ಣೂ ಅಲ್ಲೇ. ನೀವು ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಕಾಲೇಜುಗಳು, ಡಿಪ್ಲೊಮಾ, ಬಿಸಿಎ ಮಾಡಿದವರನ್ನೂ ನೋಡಿ. ಒಗಟಿನಂಥ ಪ್ರಶ್ನೆ ಕೇಳಬೇಡಿ. ನಿಮ್ಮ ಸಾಫ್ಟ್‌ವೇರ್‌ನಂಥದ್ದೇ ಒಂದು ಸಣ್ಣ ಪ್ರೋಗ್ರಾಂ ಕೊಡಿ. ಲಾರಿಯ ಒಟ್ಟು ತೂಕ, ಖಾಲಿ ತೂಕ, ಚೀಲ ಕೊಟ್ಟರೆ ನಿವ್ವಳ ತೂಕ ಹೇಳಬೇಕು. ಅದರಲ್ಲಿ ಒಂದೆರಡು ದೋಷ ಇರಲಿ. ಎರಡು ಗಂಟೆ ಸಮಯ. ಇಂಟರ್ನೆಟ್, ಎಐ ಟೂಲ್ ಏನು ಬೇಕಾದರೂ ಬಳಸಲಿ. ಆಮೇಲೆ ಪಕ್ಕ ಕೂತು, ಈ ಸಾಲು ಯಾಕೆ ಬದಲಿಸಿದೆ ಅಂತ ಕೇಳಿ. ಕಾಪಿ ಮಾಡಿದವರು ಇಲ್ಲಿ ನಿಲ್ಲುತ್ತಾರೆ. ಗೊತ್ತಿಲ್ಲ, ಹೀಗೆ ಹುಡುಕಿದೆ ಅಂತ ಬಿಚ್ಚಿ ಹೇಳುವವರು ಮುಂದೆ ಬರುತ್ತಾರೆ. ಎಲ್ಲರಿಗೂ ಒಂದೇ ಪ್ರೋಗ್ರಾಂ, ಅವೇ ಪ್ರಶ್ನೆಗಳು. ನೀವು, ನಿಮ್ಮ ತಮ್ಮ ಬೇರೆ ಬೇರೆಯಾಗಿ ಅಂಕ ಬರೆದ ಮೇಲೆಯೇ ಚರ್ಚೆ ಮಾಡಿ, ಇಲ್ಲದಿದ್ದರೆ ಮೊದಲು ಮಾತಾಡಿದವರ ಅಭಿಪ್ರಾಯವೇ ಗೆಲ್ಲುತ್ತದೆ. ವಿಟಿಯು ವಿದ್ಯಾರ್ಥಿಗಳಿಗೆ ಇಂಟರ್ನ್‌ಶಿಪ್ ಕಡ್ಡಾಯ. ಸ್ಟೈಪೆಂಡ್ ಕೊಟ್ಟು ಕರೆಸಿಕೊಳ್ಳಿ. ಪರಸ್ಪರ ನೋಡಲು ಅದಕ್ಕಿಂತ ಒಳ್ಳೆಯ ದಾರಿ ನಾನು ಕಂಡಿಲ್ಲ.

ಸಿಂಧನೂರಿನಿಂದ

ನಾನು ಮಿಲ್‌ಗಳಿಗೆ ಹೋಗಿ ಸಾಫ್ಟ್‌ವೇರ್ ಹಾಕಿಕೊಡುವ ಸಪೋರ್ಟ್ ಕೆಲಸದವನು, ಬೇರೆ ಕಂಪನಿ. ಅಕ್ಕಾ, ಸಪೋರ್ಟ್‌ನವರನ್ನೂ ತಂಡದ ಒಳಗೇ ಸೇರಿಸಿ. ಎಷ್ಟೋ ಕಡೆ ನಾವು ಹೇಳಿದ್ದು ಕೋಡ್ ಬರೆಯುವವರಿಗೆ ಮುಟ್ಟುವುದೇ ಇಲ್ಲ. ಹೊಸದಾಗಿ ಸೇರಿದವರನ್ನು ಮೊದಲ ವಾರದಲ್ಲೇ ಒಂದು ದಿನ ವೇ ಬ್ರಿಜ್ ಹತ್ತಿರ ಕೂರಿಸಿ. ಲಾರಿ ಸಾಲು ನಿಂತಿರುತ್ತದೆ, ನೆಟ್ ಹೋಗುತ್ತದೆ, ಕರೆಂಟ್ ಹೋಗುತ್ತದೆ, ಗುಮಾಸ್ತರ ಕೈಯಲ್ಲಿ ಧೂಳು. ನೆಟ್ ಇಲ್ಲದಾಗಲೂ ತೂಕ ಉಳಿಯಬೇಕು ಅನ್ನುವುದು ಅಲ್ಲಿ ಕೂತರೆ ತಾನಾಗೇ ತಿಳಿಯುತ್ತದೆ. ಸುಗ್ಗಿಯಲ್ಲಿ ಸಪೋರ್ಟ್ ಫೋನನ್ನು ಕೋಡ್ ಬರೆಯುವವರು ವಾರಕ್ಕೊಬ್ಬರ ಹಾಗೆ ಸರದಿಯಲ್ಲಿ ಹಿಡಿಯಲಿ. ರಾತ್ರಿ ಫೋನ್ ಎತ್ತಿದವರಿಗೆ ಮಾರನೇ ದಿನ ರಜೆ ಕೊಡಿ.

ರಾಯಚೂರಿನಿಂದ

ಭಾಗ ಮಾಡುವ ಬಗ್ಗೆ ಉತ್ತರ ಬಾಕಿ ಇತ್ತು. ಏಳೆಂಟು ಜನ ಆಗುವ ತನಕ ಒಂದೇ ತಂಡ ಇರಲಿ. ಆಮೇಲೆ ಪರದೆಯ ಕೆಲಸದವರು, ಸರ್ವರ್ ಕೆಲಸದವರು ಅಂತ ಒಡೆಯಬೇಡಿ. ಹಾಗೆ ಒಡೆದರೆ ಒಂದು ಸಣ್ಣ ಬದಲಾವಣೆಗೂ ಎರಡೂ ತಂಡ ಕಾಯಬೇಕು. ಅಮೆರಿಕದ ಕಂಪ್ಯೂಟರ್ ತಜ್ಞ ಮೆಲ್ವಿನ್ ಕಾನ್ವೇ 1968ರಲ್ಲಿ ಹೇಳಿದ್ದು ಇವತ್ತಿಗೂ ನಿಜ: ಸಂಸ್ಥೆಯಲ್ಲಿ ಜನ ಹೇಗೆ ಮಾತಾಡುತ್ತಾರೋ ಸಾಫ್ಟ್‌ವೇರ್ ಕೂಡ ಅದೇ ಆಕಾರಕ್ಕೆ ಬರುತ್ತದೆ. ಮಿಲ್ ಕೆಲಸ ಹೇಗೆ ನಡೆಯುತ್ತದೋ ಹಾಗೆ ಭಾಗ ಮಾಡಿ. ಗೇಟು, ತೂಕ, ತೇವಾಂಶ ಒಂದು ತಂಡಕ್ಕೆ. ಪಟ್ಟಿ, ಬಿಲ್ಲು, ಜಿಎಸ್‌ಟಿ ಇನ್ನೊಂದಕ್ಕೆ. ಎರಡರ ನಡುವೆ ದಾಟುವ ಡೇಟಾ ಯಾವುದು ಅಂತ ಇಬ್ಬರೂ ಕೂತು ಬರೆದುಕೊಳ್ಳಲಿ. ಕೋಡ್ ಮಾತ್ರ ಸದ್ಯ ಒಂದೇ ಕಡೆ ಇರಲಿ. ಈ ಗಾತ್ರದ ತಂಡಕ್ಕೆ ಹತ್ತಾರು ಬೇರೆ ಬೇರೆ ಸರ್ವೀಸ್ (ಪ್ರತ್ಯೇಕವಾಗಿ ಓಡುವ ಸಣ್ಣ ಪ್ರೋಗ್ರಾಂ) ಸಾಕುವುದು ಹೊರೆ.

ತೂಕದ ತಂಡಕ್ಕೆ ಉಳಿದಿರುವ ಇಬ್ಬರಲ್ಲಿ ಒಬ್ಬರನ್ನೇ ಲೀಡ್ (ತಂಡದ ಮುಂದಾಳು) ಮಾಡಿ. ಯಾವುದನ್ನು ಅವರೇ ತೀರ್ಮಾನಿಸಬಹುದು, ಯಾವುದಕ್ಕೆ ನಿಮ್ಮನ್ನು ಕೇಳಬೇಕು ಅನ್ನುವುದನ್ನು ಬರೆದು ಕೊಡಿ, ಇಡೀ ತಂಡದ ಮುಂದೆ ಓದಿ ಹೇಳಿ. ನಿಮ್ಮನ್ನು ಕೇಳಬೇಕಾದ್ದು ಹಣ, ರೈತರ ಡೇಟಾ, ಹೊಸ ಮಿಲ್‌ಗೆ ಕೊಡುವ ಮಾತು, ಇಷ್ಟಕ್ಕೇ ನಿಲ್ಲಲಿ. ಆಮೇಲೂ ಯಾರಾದರೂ ಹಳೆಯ ಅಭ್ಯಾಸಕ್ಕೆ ನಿಮ್ಮ ಹತ್ತಿರವೇ ಬರುತ್ತಾರೆ. ಉತ್ತರ ಗೊತ್ತಿದ್ದರೂ ಲೀಡ್ ಹತ್ತಿರ ಕಳಿಸಿ. ಮೊದಲ ಸುಗ್ಗಿಯಲ್ಲಿ ಇದು ಕಷ್ಟ ಆಗುತ್ತದೆ, ನಿಧಾನ ಅನ್ನಿಸುತ್ತದೆ. ಆದರೂ ಕಳಿಸಿ.