ಜನವರಿ 5ರ ರಾತ್ರಿ: ಸ್ಪೇನ್‌ನಲ್ಲಿ ಪುಟ್ಟ ಮಕ್ಕಳಿರುವ ಮನೆಯವರಿಗೆ

"ಇಲ್ಲಿ ಮಕ್ಕಳು ಉಡುಗೊರೆಗೆ ಕಾಯುವುದು ಕ್ರಿಸ್‌ಮಸ್‌ಗಲ್ಲ, ಜನವರಿ 6ಕ್ಕೇನಾ?" ಎಂದು ಮೂರು-ನಾಲ್ಕು ವರ್ಷದ ಮಕ್ಕಳಿರುವವರು ಕೇಳಿದ್ದಕ್ಕೆ: ಹೌದು, ಇಲ್ಲಿ ಮಕ್ಕಳು ಕಾಯುವುದು ಜನವರಿ 6ಕ್ಕೆ, ರೇಯೆಸ್ ಅಂದರೆ ರಾಜರ ಹಬ್ಬಕ್ಕೆ. ಶಿಶು ಯೇಸುವನ್ನು ನೋಡಲು ಬಂದರೆನ್ನುವ ಮೆಲ್ಚೋರ್, ಗಾಸ್ಪಾರ್, ಬಾಲ್ತಾಸಾರ್ ಎಂಬ ಮೂವರು ರಾಜರು ರಾತ್ರಿ ಉಡುಗೊರೆ ಇಟ್ಟು ಹೋಗುತ್ತಾರೆ. ಡಿಸೆಂಬರ್ 25ಕ್ಕೇ ಎಲ್ಲ ಕೊಟ್ಟು ಮುಗಿಸಬೇಡಿ. ಶಾಲೆ ತೆರೆದ ದಿನ ಮಕ್ಕಳ ಬಾಯಲ್ಲೆಲ್ಲ "ರಾಜರು ನಿನಗೇನು ತಂದರು?" ಎಂಬುದೇ ಮಾತು. ಚಿಕ್ಕದೊಂದು ವಸ್ತುವಾದರೂ 6ಕ್ಕೆ ಉಳಿಸಿ.

ಮಗುವಿನಿಂದ ರಾಜರಿಗೆ ಪತ್ರ ಬರೆಸಿ, ಅಕ್ಷರ ಬಾರದಿದ್ದರೆ ಚಿತ್ರ ಸಾಕು. ಪತ್ರ ಪಡೆಯಲು ರಾಜರ ದೂತರ ವೇಷದಲ್ಲಿ ಬರುವವರ ಕೈಗೆ ಕೊಡುವ ಮುನ್ನ ಅದರ ಫೋಟೊ ತೆಗೆದಿಟ್ಟುಕೊಳ್ಳಿ, ಆಮೇಲೆ ಮಗು ಕೇಳಿದ್ದೇನೆಂದು ನೆನಪಾಗದು.

5ರ ಸಂಜೆ ಮೆರವಣಿಗೆ, ಕಾಬಾಲ್ಗಾತಾ. ರಥಗಳಿಂದ ಗಟ್ಟಿ ಮಿಠಾಯಿ ಎಸೆಯುತ್ತಾರೆ, ಮುಖಕ್ಕೆ ಬಡಿದರೆ ನೋವಾಗುತ್ತದೆ. ಆಯಲು ಹೋದ ಮಗು ಚಕ್ರದ ಹತ್ತಿರ ನುಗ್ಗದಂತೆ ಕೈ ಹಿಡಿದಿರಿ. ಸಸ್ಯಾಹಾರಿಗಳೇ, ಗೋಮಿನೋಲಾ ಎಂಬ ಮೆತ್ತನೆಯ ಜೆಲ್ಲಿ ಮಿಠಾಯಿಗಳಲ್ಲಿ ಸಾಮಾನ್ಯವಾಗಿ ಹಂದಿಯ ಜೆಲಟಿನ್ ಇರುತ್ತದೆ, ಪೋಲ್ವೊರೋನ್ ಎಂಬ ಪುಡಿಪುಡಿಯಾಗುವ ಸಿಹಿ ಬಿಸ್ಕತ್ತುಗಳಲ್ಲಿ ಹಂದಿಕೊಬ್ಬು. ಪೊಟ್ಟಣದ ಮೇಲಿನ ಚೀಟಿ ಓದಿ.

ಮನೆಗೆ ಬಂದ ಮೇಲೆ ಒಂಟೆಗಳಿಗೆ ನೀರು, ರಾಜರಿಗೆ ಹಾಲು ಮತ್ತು ತಿಂಡಿ, ಪಕ್ಕದಲ್ಲಿ ಮಕ್ಕಳ ಶೂ. ನಮ್ಮಲ್ಲಿ ಚಪ್ಪಲಿ ಬಾಗಿಲಾಚೆಯೇ. ಇಲ್ಲಿ ಒರೆಸಿ ತೊಳೆದ ಶೂ ಹಾಲ್‌ನಲ್ಲಿಡಬೇಕು. ಉಡುಗೊರೆ ಪುಸ್ತಕವಾದರೆ ಶೂ ಪಕ್ಕ ಇಡಲು ನಮಗೆ ಮನಸ್ಸಾಗದು. ಅದನ್ನು ಕುರ್ಚಿಯ ಮೇಲಿಡಿ, ರಾಜರ ಲೆಕ್ಕದಲ್ಲಿ ತಪ್ಪಿಲ್ಲ. ಮಲಗುವ ಮುನ್ನ ನೀರು ಅರ್ಧ ಚೆಲ್ಲಿ, ತಿಂಡಿಯಲ್ಲೊಂದು ತುಂಡು ಕಚ್ಚಿಡುವುದನ್ನು ಮರೆಯಬೇಡಿ. ಮಕ್ಕಳು ಬೆಳಿಗ್ಗೆ ಮೊದಲು ನೋಡುವುದು ಅದನ್ನೇ.

ಈ ಹಬ್ಬಕ್ಕೆ ತಿನ್ನುವುದು ರೋಸ್ಕೋನ್, ಬಳೆಯಾಕಾರದ ಸಿಹಿ ಬ್ರೆಡ್. ಒಳಗೊಂದು ಪುಟ್ಟ ಗೊಂಬೆ, ಒಂದು ಒಣ ಅವರೆಯಂಥ ಕಾಳು. ಗೊಂಬೆ ಸಿಕ್ಕವರಿಗೆ ಕಾಗದದ ಕಿರೀಟ, ಕಾಳು ಸಿಕ್ಕವರು ರೋಸ್ಕೋನ್ ಹಣ ಕೊಡಬೇಕು. ಪುಟ್ಟವರ ಪಾಲನ್ನು ಕೈಯಲ್ಲಿ ಮುರಿದು ನೋಡಿಯೇ ಕೊಡಿ, ಗಂಟಲಿಗೆ ಸಿಕ್ಕಿಕೊಂಡೀತು. ಮನೆಯಲ್ಲೇ ಮಾಡಿದರೆ ಪ್ಲಾಸ್ಟಿಕ್ ಗೊಂಬೆಯನ್ನು ಹಿಟ್ಟಿನಲ್ಲಿ ಬೇಯಿಸಬೇಡಿ, ಕರಗುತ್ತದೆ. ಬ್ರೆಡ್ ತಣ್ಣಗಾದ ಮೇಲೆ ಅಡಿಯಿಂದ ತೂರಿಸಿ. ಹಿಟ್ಟಿಗೆ ಮೊಟ್ಟೆ ಬೀಳುತ್ತದೆ, ತಿನ್ನದವರು "ವೆಗಾನೊ" (ಮೊಟ್ಟೆ, ಹಾಲು ಯಾವುದೂ ಇಲ್ಲದ್ದು) ಎಂದು ಬರೆದದ್ದನ್ನು ಮುಂಚಿತವಾಗಿ ಹೇಳಿಡಿ.

ಇದಕ್ಕೆ ಮೆಕ್ಸಿಕೋ ಕಡೆಯದೊಂದು ಮಾತು ಸೇರಿಸುತ್ತೇನೆ. ರೋಸ್ಕೋನ್‌ನಂಥದೇ ಬ್ರೆಡ್ಡಾದ ಅಲ್ಲಿನ ರೋಸ್ಕಾದಲ್ಲಿ ಗೊಂಬೆ ಹಲವು ಇರಬಹುದು, ಸಿಕ್ಕವರು ಫೆಬ್ರವರಿ 2ರ ಕಾಂದೆಲಾರಿಯಾ ಹಬ್ಬಕ್ಕೆ ತಮಾಲ್ (ಜೋಳದ ಹಿಟ್ಟನ್ನು ಎಲೆಯಲ್ಲಿ ಸುತ್ತಿ ಹಬೆಯಲ್ಲಿ ಬೇಯಿಸಿದ ತಿನಿಸು) ತರಿಸಬೇಕು. ಮಗುವಿನ ತುಂಡಿನಲ್ಲಿ ಸಿಕ್ಕರೆ ಖರ್ಚು ಅಪ್ಪ-ಅಮ್ಮನದು. ತಮಾಲ್ ಹಿಟ್ಟಿಗೂ ಹಂದಿಕೊಬ್ಬು ಕಲಸುವ ರೂಢಿಯಿದೆ, ಎಣ್ಣೆಯಲ್ಲಿ ಮಾಡಿದ್ದು ಬೇಕೆಂದು ಮೊದಲೇ ಹೇಳಿ.